ತಿರುಗಿ ಹೇಳು, ಗುಬ್ಬಿ

ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಈ ಹೆಸರಿನಲ್ಲಿ ಕರೆದರೆ ನಿನಗೆ ಮೈಯೆಲ್ಲ ಉರಿಯುತ್ತದೆಂದು ಗೊತ್ತು. ಹೊಟ್ಟೆ ಮುಂದೆ ಬಂದು, ತಲೆಗೂದಲು ಹಿಂದಕ್ಕೆ ಸರಿದು, ಪೇಂಟ್ ಕಂಪನಿಯ ಏರಿಯಾ ಮ್ಯಾನೇಜರ್ ಆದವನನ್ನು ಯಾರಾದರೂ ಗುಬ್ಬಿ ಅನ್ನುತ್ತಾರೆಯೇ ಎಂದು ಹೋದ ಸಲ ನಿನ್ನ ಹೆಂಡತಿಯ ಮುಂದೆಯೇ ನನ್ನ ಮೇಲೆ ಹಾರಾಡಿದ್ದೆ. ಏನು ಮಾಡಲಿ, ಹೆಸರಿಟ್ಟವರು ಅಪ್ಪ. ವೈರ್‌ಲೆಸ್ಸಿನಲ್ಲಿ ಒಂದೊಂದು ಠಾಣೆಗೂ ಒಂದೊಂದು ಗುಟ್ಟಿನ ಹೆಸರು ಇರುತ್ತದಂತೆ. ಹಾಗೆ ಮನೆಯಲ್ಲಿ ನೀನು ಗುಬ್ಬಿ, ನಾನು ಮೈನಾ, ಅಮ್ಮ ಕಂಟ್ರೋಲ್. ಅಪ್ಪ ಹೋದರೆಂದು ಹೆಸರು ಬದಲಾಗುವುದಿಲ್ಲ. ಸುಮ್ಮನೆ ಮುಂದೆ ಓದು.

ನೀನು ಕಳಿಸಿದ ಭಾಷಣ ತಲುಪಿತು. ಬರುವ ಭಾನುವಾರ ಮಾಜಿ ಸೈನಿಕರ ಸಂಘದವರು ತಮ್ಮ ಹಾಲ್‌ನಲ್ಲಿ ಅಪ್ಪನ ಫೋಟೋ ಹಾಕುತ್ತಾರೆ, ಮಗನಾಗಿ ನೀನು ನಾಲ್ಕು ಮಾತು ಆಡಬೇಕು, ಅದಕ್ಕೆ ಮೊದಲು ಅಕ್ಕ ಒಂದು ಸಲ ಕಣ್ಣಾಡಿಸಿ ತಪ್ಪಿದ್ದರೆ ತಿದ್ದಬೇಕು. ಇಷ್ಟೇ ತಾನೇ ನೀನು ಕೇಳಿದ್ದು? ಕೆಂಪು ಪೆನ್ನು ಹಿಡಿದೇ ಕೂತಿದ್ದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಪೆನ್ನು ಕೆಳಗಿಟ್ಟೆ. ತಪ್ಪಿದ್ದರೆ ತಿದ್ದಬಹುದು ಕಣೋ. ಇಡೀ ಮನುಷ್ಯನೇ ಬೇರೆ ಯಾರೋ ಆಗಿದ್ದರೆ ಎಲ್ಲಿಂದ ಶುರು ಮಾಡಲಿ?

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೇಗೆಂದು ನನಗೆ ಗೊತ್ತಿಲ್ಲವೇ? ನಾನು ಬಾಯಿ ತೆರೆಯುವ ಮೊದಲೇ 'ಸರಿ ಅಕ್ಕ, ಸರಿ ಸರಿ, ಆಯ್ತು' ಎಂದು ಮಾತಿಗೆ ಬೀಗ ಹಾಕಿಬಿಡುತ್ತೀಯ. ಗಿರಾಕಿಗಳ ಕಾಟದಿಂದ ಬಂದ ಅಭ್ಯಾಸವಿರಬೇಕು. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಅಪ್ಪನ ಕೋಣೆಯಲ್ಲಿ, ಅಪ್ಪನ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಮೇಜಿನ ತುಂಬ ಬೆಸುಗೆಯ ಕಡ್ಡಿ ತಾಗಿದ ಕಪ್ಪು ಕಲೆಗಳು. ಮೂಲೆಯಲ್ಲಿ ಪಕ್ಕದ ಬೀದಿಯ ದರ್ಜಿಯ ರೇಡಿಯೋ ಹೊಟ್ಟೆ ಬಿಚ್ಚಿಕೊಂಡು ಹಾಗೇ ಬಿದ್ದಿದೆ. ವಾಪಸ್ಸು ಕೇಳಲು ಅವನಿಗೆ ಸಂಕೋಚ, ಬಿಟ್ಟುಬಿಡಲು ಮನಸ್ಸಿಲ್ಲ. ಬಾಗಿಲಲ್ಲಿ ನಿಂತು ಅಮ್ಮನ ಕಾಲು ಹೇಗಿದೆ ಎಂದು ವಿಚಾರಿಸಿ, ಒಳಗೆ ಒಮ್ಮೆ ಇಣುಕಿ ಹೋಗುತ್ತಾನೆ.

ಈಗ ನಿನ್ನ ಭಾಷಣಕ್ಕೆ ಬರುತ್ತೇನೆ. 'ಗುಂಡಿನ ಮಳೆಗೆ ಎದೆಯೊಡ್ಡಿ ನಿಂತ ಉಕ್ಕಿನ ಮನುಷ್ಯ' ಎಂದು ಬರೆದಿದ್ದೀಯ. ಒಡ್ಡಲು ಅಪ್ಪನ ಎದೆ ಎಲ್ಲಿ ಖಾಲಿ ಇತ್ತು, ಮಹರಾಯ? ಬೆನ್ನ ಮೇಲೆ ವೈರ್‌ಲೆಸ್ ಪೆಟ್ಟಿಗೆ, ಎದೆಗೆ ಬ್ಯಾಟರಿಯ ಚೀಲ. ಇದ್ದಷ್ಟು ವರ್ಷವೂ ಅವರು ಸೈನ್ಯದಲ್ಲಿ ಮಾಡಿದ್ದು ಒಂದೇ ಕೆಲಸ: ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು. ಅದನ್ನು ನೀನು ಒಂದು ಸಾಲಿನಲ್ಲೂ ಬರೆದಿಲ್ಲ. ಸಂಘದ ಕಾರ್ಯದರ್ಶಿ, ಅದೇ ನಾವು ಕ್ಯಾಪ್ಟನ್ ಎಂದು ಕರೆಯುವ, ಎಂದೂ ಕ್ಯಾಪ್ಟನ್ ಆಗದ ಮನುಷ್ಯ, ಮನೆಗೆ ಬಂದು ಸಮವಸ್ತ್ರದ ಫೋಟೋನೇ ಬೇಕೆಂದು ಹಟ ಹಿಡಿದು ಕೂತರು. ಇದ್ದದ್ದು ಒಂದೇ, ಸೇರಿದ ಹೊಸತರಲ್ಲಿ ತೆಗೆದದ್ದು, ಟೋಪಿ ಕಿವಿಯ ತನಕ ಇಳಿದಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, 'ಈ ಟೋಪಿಯೋರು ಯಾರೋ ನಂಗೊತ್ತಿಲ್ಲಪ್ಪ. ನಮ್ಮನೆಯವ್ರ ಕೈಲಿ ಸ್ಕ್ರೂಡ್ರೈವರ್ ಇಲ್ದೆ ಇದ್ದಿದ್ದೇ ನಾನು ನೋಡಿಲ್ಲ' ಅಂದಳು. ಕ್ಯಾಪ್ಟನ್ ನಗಲಿಲ್ಲ. ಫೋಟೋ ಮಾತ್ರ ತೆಗೆದುಕೊಂಡು ಹೋದರು.

ಹೋಗಲಿ, ಫೋಟೋ ಅವರ ಗೋಡೆಯದು. ಮಾತು ನಮ್ಮದಲ್ಲವೇ? ಮುಂದಿನ ಸಾಲಿನಲ್ಲಿ ನೀನು 'ಶತ್ರುವಿನ ಗುಂಡಿಗೆ ಎಡಗಾಲಿನ ಎರಡು ಬೆರಳು ಬಲಿಕೊಟ್ಟವರು' ಎಂದಿದ್ದೀಯ. ಇದು ಶಾಲೆಯಲ್ಲಿ ಗೆಳೆಯರ ಮುಂದೆ ಜಂಬ ಕೊಚ್ಚಲು ನೀನೇ ಕಟ್ಟಿದ ಕಥೆ ಕಣೋ. ಹೇಳಿ ಹೇಳಿ ನಿನಗೇ ನಿಜ ಅನ್ನಿಸಿಬಿಟ್ಟಿದೆ. ನಿಜ ಏನೆಂದು ಆಸ್ಪತ್ರೆಯಲ್ಲಿ, ನಾನು ಅವರ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದಾಗ, ಅಪ್ಪನೇ ಹೇಳಿದರು. ಅಷ್ಟು ವರ್ಷ ಯಾರೂ ಕೇಳಿರಲಿಲ್ಲವಂತೆ.

ಬೆಟ್ಟದ ಮೇಲಿನ ಕಾವಲಿನಲ್ಲಿ ಅಪ್ಪ ಮತ್ತು ಕೆಲವು ಜನ ಇದ್ದರು. ಸುತ್ತ ಹಿಮ. ಅವರ ಸರದಿ ಮುಗಿದು ಬದಲಿಯವರು ಬರಬೇಕಿತ್ತು. ಅಪ್ಪ ಕೆಳಗಿನ ಠಾಣೆಗೆ ಹೇಳಿದರು: ಒಲೆಗೆ ಎಣ್ಣೆ ಮುಗಿಯುತ್ತಿದೆ, ಬದಲಿಯವರನ್ನು ಇವತ್ತೇ ಹತ್ತಿಸಿ. ಆ ಕಡೆ ಕೂತವನು 'ಆಯ್ತು ಆಯ್ತು' ಅಂದ. ಕೇಳಿಸಿಕೊಂಡವನು ಇಡೀ ಮಾತನ್ನು ತಿರುಗಿ ಹೇಳಬೇಕು, ಹೇಳುವ ತನಕ ಸಂದೇಶ ತಲುಪಿಲ್ಲವೆಂದೇ ತಿಳಿಯಬೇಕು. ಅದು ಅವರ ಕೆಲಸದ ಮೊದಲ ಪಾಠ. ಆದರೆ ಅಪ್ಪನ ಕೈ ಮರಗಟ್ಟಿತ್ತು. ಸೆಟ್ ಆರಿಸಿ ಕೈ ಕಾಯಿಸಿಕೊಳ್ಳುವ ಆತುರ. ತಿರುಗಿ ಹೇಳು ಎಂದು ಕೇಳಲಿಲ್ಲ. ಆ ಕಡೆಯವನಿಗೆ ಕೇಳಿಸಿದ್ದು ಎಣ್ಣೆಯ ಮಾತು ಮಾತ್ರ. ಎಣ್ಣೆ ತಾನೇ, ಮುಂದಿನ ಸರಕಿನ ಜೊತೆ ಹೋಗಲಿ ಎಂದು ಸುಮ್ಮನಾದ. ಅಷ್ಟರಲ್ಲಿ ಚಳಿಗೆ ಇವರ ಬ್ಯಾಟರಿ ಸತ್ತಿತು. ಕೆಳಗಿನವರಿಗೆ ಅನುಮಾನ ಬಂದು ಹತ್ತಿ ಬರುವಷ್ಟರಲ್ಲಿ ಅಪ್ಪನ ಬೆರಳುಗಳು ಕಪ್ಪಗಾಗಿದ್ದವು. ಜೊತೆಗಿದ್ದ ಅಡುಗೆಯವನನ್ನು ಕೆಳಗೆ ಹೊತ್ತು ತಂದರು, ಅವನು ಮತ್ತೆ ಏಳಲಿಲ್ಲ.

'ಬೆರಳು ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ ಮೈನಾ' ಅಂದರು. 'ತಿರುಗಿ ಹೇಳು ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ಅಷ್ಟನ್ನೂ ಕೇಳ್ಲಿಲ್ಲ ನಾನು.'

ಈಗ ಅರ್ಥವಾಯಿತೇ ನಮ್ಮ ಬಾಲ್ಯ ಯಾಕೆ ಹಾಗಿತ್ತು ಎಂದು? ಅಂಗಡಿಗೆ ಕಳಿಸಿದರೆ 'ಸೋಪು, ಬೆಂಕಿಪೊಟ್ಟಣ, ಆಲೂಗಡ್ಡೆ. ತಿರುಗಿ ಹೇಳು.' ಶಾಲೆಗೆ ಹೊರಟರೆ 'ರಸ್ತೆಯ ಎಡಗಡೆ. ತಿರುಗಿ ಹೇಳು.' ನಿನ್ನ ಗೆಳೆಯರು ಕಿಟಕಿಯ ಕೆಳಗೆ ನಿಂತು ಅಪ್ಪನ ದನಿಯಲ್ಲಿ ಕೂಗಿ ಓಡಿಹೋಗುತ್ತಿದ್ದರು, ನೀನು ಅವಮಾನದಿಂದ ಹಾಸಿಗೆಯ ಕೆಳಗೆ ತೂರುತ್ತಿದ್ದೆ. ನಿನ್ನ ಮದುವೆಯ ದಿನ ನಿನ್ನ ಮಾವನವರಿಗೂ ಬಿಡಲಿಲ್ಲವಲ್ಲ! 'ನಮ್ಮ ರೈಲು ಐದಕ್ಕೆ. ತಿರುಗಿ ಹೇಳಿ' ಎಂದಾಗ ಆ ದೊಡ್ಡಮನುಷ್ಯರು ಸುತ್ತ ನೋಡಿ, ಬೇರೆ ದಾರಿಯಿಲ್ಲದೆ, 'ನಿಮ್ಮ ರೈಲು ಐದಕ್ಕೆ' ಎಂದು ಒಪ್ಪಿಸಿದರು. ಇಡೀ ಮನೆಯಲ್ಲಿ ತಿರುಗಿ ಹೇಳದೆ ಬದುಕಿದವಳು ಅಮ್ಮ ಒಬ್ಬಳೇ. 'ನೀವೇ ಹೇಳಿದ್ದು ನಿಮಗೇ ಮರ್ತೋಯ್ತಾ?' ಅನ್ನುತ್ತಿದ್ದಳು. ಅವಳ ಜೊತೆ ಸೋತೇ ಅಪ್ಪ ಅಡುಗೆಮನೆಯಿಂದ ಈ ಕೋಣೆಗೆ ತಂತಿ ಎಳೆದು ಬಜರ್ ಹಾಕಿದ್ದು. ಒಂದು ಸಲ ಒತ್ತಿದರೆ ಚಹಾ ಆಗಿದೆ, ಎರಡು ಸಲ ಒತ್ತಿದರೆ ಬನ್ನಿ, ಉದ್ದಕ್ಕೆ ಒತ್ತಿದರೆ ಏನೋ ಹೊತ್ತಿಕೊಂಡಿದೆ.

ಇಗೋ, ಈಗಲೇ ಎರಡು ಸಲ ಆಯಿತು. ಬರುತ್ತೇನೆ ಇರು.

ಬಂದೆ. ಹೊತ್ತಿಕೊಂಡದ್ದು ಏನೂ ಇಲ್ಲ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅಮ್ಮ ವಾಕರ್ ಹಿಡಿದು ಅಡುಗೆಮನೆಯ ತನಕ ಬರುತ್ತಾಳೆ, ಅಲ್ಲಿಂದ ಹಿಂದಕ್ಕೆ ತಿರುಗಲು ಒಂದು ಕೈ ಬೇಕು. ಬುದ್ಧಿ ಮಾತ್ರ ನಮ್ಮಿಬ್ಬರದಕ್ಕಿಂತ ಚುರುಕು. ಯಾರಿಗೆ ಕಾಗದ ಎಂದು ಕೇಳಿದಳು, ನಿನಗೆ ಎಂದೆ. 'ಬೈದು ಬರೀಬೇಡ' ಅಂದಳು. ನಾಲ್ಕು ಹೆಜ್ಜೆ ಹೋದ ಮೇಲೆ, 'ಸ್ವಲ್ಪ ಬೈಯಿ' ಅಂದಳು.

ಹಾಗಾಗಿ ಬೈಯುತ್ತೇನೆ. ನಿನ್ನ ಭಾಷಣದಲ್ಲಿ ಸೈನ್ಯದ ಅಪ್ಪನಿಗೆ ಮೂರು ಪುಟ, ಮನೆಯ ಅಪ್ಪನಿಗೆ 'ಆದರ್ಶ ಕುಟುಂಬವತ್ಸಲ' ಎಂಬ ಎರಡು ಪದ. ಸೈನ್ಯದಿಂದ ಬಂದ ಮೇಲೆ ಆ ಮನುಷ್ಯ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ದುಡಿದರಲ್ಲ, ಅದು ಎಲ್ಲಿ ಹೋಯಿತು? ಬಿರುಗಾಳಿ ಎದ್ದು ಊರೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮ ಮನೆಯ ಬಾಗಿಲು ಮಾತ್ರ ತೆರೆಯುತ್ತಿತ್ತು, ಅಪ್ಪ ಹೊರಗೆ ಹೋಗಲು. ಎರಡು ಬೆರಳಿಲ್ಲದ ಕಾಲಿನಲ್ಲಿ ಕಂಬ ಹತ್ತುವುದೆಂದರೆ ಏನೆಂದು ಯೋಚಿಸಿದ್ದೀಯಾ? ಅಮ್ಮ ಹಳೇ ಲಂಗ ಕತ್ತರಿಸಿ, ಮಡಿಸಿ, ಹೊಲಿದು ಎಡಗಾಲಿನ ಶೂ ತುದಿಗೆ ತುಂಬಿಕೊಡುತ್ತಿದ್ದಳು. ಅದು ಒದ್ದೆಯಾಗಿ ಮುದ್ದೆಯಾದರೆ ಮತ್ತೊಂದು. ಸಂಜೆ ಮನೆಗೆ ಬಂದು, ಮುಖ ತೊಳೆದು, ಇದೇ ಮೇಜಿನ ಮುಂದೆ ಕೂತು ಬೀದಿಯವರ ರೇಡಿಯೋ ಬಿಚ್ಚುತ್ತಿದ್ದರು. ಭಾನುವಾರ ಬೆಳಗ್ಗೆ ಮನೆಯ ಅಷ್ಟೂ ಚಪ್ಪಲಿ, ಶೂಗಳನ್ನು ಸಾಲಾಗಿಟ್ಟು ಪಾಲಿಶ್. ಅಮ್ಮನ ಸ್ನಾನದ ಮನೆಯ ರಬ್ಬರ್ ಚಪ್ಪಲಿಯನ್ನೂ ಬಿಡುತ್ತಿರಲಿಲ್ಲ.

ಇನ್ನೊಂದು. ನೀನು ಗೋಡೆ ಹಾರಿ ಕಾಲು ಮುರಿದುಕೊಂಡ ವರ್ಷ ನಿನಗೆ ಪರೀಕ್ಷೆ ಇತ್ತು. ನಿನ್ನನ್ನು ಬೆನ್ನ ಮೇಲೆ ಹೊತ್ತು ಈ ಮೂರು ಮಹಡಿ ಇಳಿದು ಶಾಲೆಗೆ ಬಿಟ್ಟು, ಕೆಲಸಕ್ಕೆ ಹೋಗಿ, ಸಂಜೆ ಮತ್ತೆ ಹೊತ್ತು ತಂದವರು ಯಾರು? ಮೆಟ್ಟಿಲಿನ ತಿರುವಿನಲ್ಲಿ ನಿಂತು ಎಡಗಾಲನ್ನು ನೆಲದಿಂದ ಸ್ವಲ್ಪ ಎತ್ತಿ ಹಿಡಿಯುತ್ತಿದ್ದರು, ನೋವಿಗೆ. ನೀನು ಬೆನ್ನ ಮೇಲಿದ್ದೆ, ನಿನಗೆ ಕಾಣಿಸುತ್ತಿರಲಿಲ್ಲ. ನಿನ್ನ ಪುಸ್ತಕದ ಚೀಲ ಹಿಡಿದು ಕೆಳಗಿನ ಮೆಟ್ಟಿಲಲ್ಲಿ ನಿಂತ ನನಗೆ ಕಾಣುತ್ತಿತ್ತು. ಇದನ್ನು ಮೈಕಿನಲ್ಲಿ ಹೇಳಲು ನಿನಗೆ ನಾಚಿಕೆಯಾದರೆ ಹೇಳಬೇಡ. ಆದರೆ ಇದರ ಜಾಗದಲ್ಲಿ ಗುಂಡು ಹಾರಿಸಬೇಡ.

ನನಗೆ ಯಾಕಿಷ್ಟು ಸಿಟ್ಟು ಎಂದು ನಿನಗೆ ಅನ್ನಿಸುತ್ತಿರಬಹುದು. ಸುತ್ತಿ ಬಳಸುವುದಿಲ್ಲ. ಹಲ್ಲಿನ ಸೆಟ್ ಮಾಡುವ ನಮ್ಮ ಲ್ಯಾಬ್ ಬೇರೆ ಊರಿನಲ್ಲಿ ಹೊಸ ಶಾಖೆ ತೆರೆಯುತ್ತಿದೆ. ಅದನ್ನು ನಡೆಸಲು ಯಜಮಾನರು ನನ್ನನ್ನು ಕೇಳಿದ್ದಾರೆ. ಹಿಂದೆಯೂ ಒಮ್ಮೆ ಕೇಳಿದ್ದರು. ಅಪ್ಪನ ಕಾಯಿಲೆ ಎಂದು ಬೇಡವೆಂದೆ. ಈ ತಿಂಗಳ ಕೊನೆಗೆ ಹೌದು ಅಥವಾ ಇಲ್ಲ ಹೇಳಬೇಕು, ಇಲ್ಲವೆಂದರೆ ನನಗಿಂತ ಕಿರಿಯಳಿಗೆ ಹೋಗುತ್ತದೆ, ಅವಳಿಗೆ ಮೇಣದಲ್ಲಿ ಹಲ್ಲು ನೆಟ್ಟಗೆ ಕೂರಿಸಲು ಕಲಿಸಿದವಳು ನಾನು. ಹೋಗಬೇಕೆಂದು ನನಗೆ ಆಸೆಯಿದೆ ಗುಬ್ಬಿ. ಬರೆಯುವಾಗಲೇ ಏನೋ ಕದ್ದಂತೆ ಅನ್ನಿಸುತ್ತದೆ, ಆದರೂ ಆಸೆಯಿದೆ. ಊರಿನ ಹಲ್ಲಿಲ್ಲದ ಬಾಯಿಗಳಿಗೆಲ್ಲ ನಗು ಮಾಡಿಕೊಟ್ಟು, ಮನೆಗೆ ಬಂದು ಹಲ್ಲು ಕಚ್ಚಿಕೊಂಡಿರುವುದು ನನಗೆ ಸಾಕಾಗಿದೆ.

ಇದನ್ನು ಕಳೆದ ತಿಂಗಳು ಫೋನಿನಲ್ಲಿ ಹೇಳಿದೆ. ನೀನು 'ಸರಿ ಸರಿ, ನೋಡೋಣ. ಆದ್ರೆ ಅಮ್ಮ ನಿನ್ನ ಹತ್ರ ಇದ್ರೇ ಚೆನ್ನಾಗಿರ್ತಾಳೆ ಅಕ್ಕ, ಅಭ್ಯಾಸ ಆಗಿದೆ' ಎಂದೆ. ಯಾರಿಗೆ ಅಭ್ಯಾಸ? ನಿನ್ನ ಮನೆ ನೆಲಮಹಡಿಯಲ್ಲಿದೆ, ಒಂದು ಕೋಣೆ ಖಾಲಿ ಇದೆ. ಖಾಲಿ ಎಂದರೆ ತಪ್ಪು, ನೀನು ಕೊಂಡ ದಿನ ಬಿಟ್ಟರೆ ಮತ್ತೆ ಹತ್ತದ ವ್ಯಾಯಾಮದ ಸೈಕಲ್ ಇದೆ. ನಿನ್ನ ಹೆಂಡತಿ ಒಳ್ಳೆಯವಳು. ಅತ್ತೆಯನ್ನು ಕಳಿಸಿಕೊಡಿ ಎಂದು ಅವಳು ನನಗೆ ಎರಡು ಸಲ ಹೇಳಿದ್ದಾಳೆ, ನಿನಗೆ ಹೇಳಬೇಡಿ ಎಂದೂ ಹೇಳಿದ್ದಾಳೆ. ಈಗ ಹೇಳಿಬಿಟ್ಟೆ, ಅವಳಿಗೆ ಏನೂ ಅನ್ನಬೇಡ. ಅಮ್ಮನನ್ನೂ ಕೇಳಿದೆ. 'ಅವನು ಕರೆದ್ರೆ ಹೋಗ್ತೀನಿ. ಕರೀದೆ ಹೋಗೋಕೆ ನಾನೇನು ಪಾರ್ಸಲ್ಲಾ?' ಅಂದಳು. ಆಮೇಲೆ ಮನೆಯಲ್ಲಿದ್ದ ತರಕಾರಿಯನ್ನೆಲ್ಲ ಹೆಚ್ಚಿ ಹಾಕಿದಳು.

ಇನ್ನು ನಿನ್ನ ಕೊನೆಯ ಪುಟ. ಇದನ್ನು ಓದಿದ ಮೇಲೆ ನಾನು ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದೆ. 'ಕೊನೆಯುಸಿರಿನ ಮುನ್ನ ತಂದೆಯವರು ದೂರವಾಣಿಯಲ್ಲಿ ನನಗೆ ನುಡಿದದ್ದು: ಮಗನೇ, ಧೈರ್ಯದಿಂದ ಮುನ್ನುಗ್ಗು.' ಅಪ್ಪ ಜೀವಮಾನದಲ್ಲಿ ಯಾರಿಗಾದರೂ 'ಮುನ್ನುಗ್ಗು' ಎಂದಿದ್ದಾರೆಯೇ? ಬಸ್ಸು ಹತ್ತುವಾಗಲೂ 'ನಿಧಾನ' ಅನ್ನುತ್ತಿದ್ದ ಮನುಷ್ಯ. ಆದರೆ ಆ ಸಾಲಿನ ಪಕ್ಕದಲ್ಲಿ ನೀನು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದದ್ದನ್ನೂ ನೋಡಿದೆ: 'ಅಕ್ಕ, ಆ ದಿನ ಗೋಡೌನ್‌ನಲ್ಲಿದ್ದೆ, ಲಾರಿ ಸದ್ದು, ಸರಿಯಾಗಿ ಕೇಳಿಸಲಿಲ್ಲ. ನಿನಗೆ ಗೊತ್ತಿದ್ದರೆ ಸರಿ ಮಾಡು.' ಇಡೀ ಭಾಷಣದಲ್ಲಿ ನನ್ನ ತಮ್ಮನ ಕೈಬರಹ ಎಂದು ಅನ್ನಿಸಿದ್ದು ಆ ಪೆನ್ಸಿಲಿನ ಸಾಲು ಒಂದೇ.

ನನಗೆ ಗೊತ್ತು. ಹಾಸಿಗೆಯ ಪಕ್ಕದಲ್ಲೇ ಇದ್ದೆ, ಫೋನನ್ನು ಅವರ ಕಿವಿಗೆ ಹಿಡಿದದ್ದೇ ನಾನು. ಆವತ್ತು ಸಂಜೆ ನೀನು ಮತ್ತೆ ಫೋನ್ ಮಾಡಿ ಅಪ್ಪ ಏನಂದರು ಎಂದು ಕೇಳಿದಾಗ, ಏನೋ ಮನೆಯ ವಿಚಾರ, ಬಂದಾಗ ಮಾತಾಡೋಣ ಎಂದೆ. ನೀನು ಬಂದಾಗ ಅಪ್ಪ ಇರಲಿಲ್ಲ. ಆಮೇಲೆ ಮನೆ ತುಂಬ ಜನ, ಆಮೇಲೆ ನಿನ್ನ ರೈಲಿನ ಹೊತ್ತು. ಆಗಲೇ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ಅದು ನನ್ನ ಮಾತಾಗುತ್ತಿತ್ತು. ಸತ್ತವರ ಬಾಯಲ್ಲಿ ಅಕ್ಕ ತನ್ನ ಅಹವಾಲು ಹೇಳಿಸುತ್ತಿದ್ದಾಳೆ ಎಂದು ನಿನಗೆ ಒಂದು ಕ್ಷಣವಾದರೂ ಅನ್ನಿಸಿದ್ದರೆ, ನನ್ನಿಂದ ಸಹಿಸಲು ಆಗುತ್ತಿರಲಿಲ್ಲ. ಅದಕ್ಕೇ ನುಂಗಿಕೊಂಡೆ. ಇವತ್ತು 'ಮುನ್ನುಗ್ಗು' ಓದಿದ ಮೇಲೆ ಅದು ಜೀರ್ಣವಾಗುತ್ತಿಲ್ಲ.

ನೀನು ಕೆಟ್ಟವನಲ್ಲ ಗುಬ್ಬಿ. ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗ ನೀನು ಮಗುವಿನ ಹಾಗೆ ಅತ್ತದ್ದನ್ನು ನೋಡಿದ್ದೇನೆ. ಅಷ್ಟು ದೊಡ್ಡ ಮಾತುಗಳನ್ನು ನೀನು ಎಲ್ಲಿಂದ ತಂದೆಯೆಂದೂ ಗೊತ್ತು. ಹತ್ತಿರ ಇರಲಿಲ್ಲವಲ್ಲ ಎಂಬ ಸಂಕಟಕ್ಕೆ ದಪ್ಪಗೆ ಬಣ್ಣ ಬಳಿದಿದ್ದೀಯ, ನಿನ್ನ ಕಸುಬೇ ಅದು. ಆದರೆ ಸಂಘದ ಹಾಲ್‌ನಲ್ಲಿ ಮುಂದಿನ ಸಾಲಿನಲ್ಲಿ ಅಮ್ಮ ಕೂತಿರುತ್ತಾಳೆ. ನೀನು ಗುಂಡಿನ ಮಾತು ಆಡುವಾಗ ಅವಳು ಹೊಲಿದ ಆ ಬಟ್ಟೆಯ ತುಂಡು ಅವಳ ಮನಸ್ಸಿನಲ್ಲಿ ಇರುತ್ತದೆ. ಅದೊಂದನ್ನು ನೆನಪಿಟ್ಟುಕೊಂಡು ಭಾಷಣವನ್ನು ಮತ್ತೆ ಬರೆ. ಚಿಕ್ಕದಾಗಿ ಬರೆ. ವೈರ್‌ಲೆಸ್, ಕಂಬ, ಶೂ, ಮೆಟ್ಟಿಲು, ಇಷ್ಟು ಸಾಕು. ಕ್ಯಾಪ್ಟನ್‌ಗೆ ಸಾಕಾಗದಿದ್ದರೆ ಅವರೇ ಎದ್ದು ನಿಂತು ಗುಂಡು ಹಾರಿಸಿಕೊಳ್ಳಲಿ.

ಮತ್ತೆ ಬಜರ್. ಒಂದೇ ಸಲ, ಚಹಾ. ಈ ಸದ್ದು ಅಪ್ಪನಿಗೆಂದು ಹಾಕಿದ್ದು. ಅವರು ಹೋದ ಮೊದಲ ವಾರ ಅಮ್ಮ ಮರೆತು ಒತ್ತಿಬಿಟ್ಟು, ಒತ್ತಿದ ಕೈಯನ್ನೇ ನೋಡುತ್ತ ನಿಂತಿದ್ದಳು. ನಾನು ಈ ಕೋಣೆಯಿಂದ ಎದ್ದು ಹೋಗಿ, ಏನೂ ಆಗದವಳ ಹಾಗೆ ಲೋಟ ತೆಗೆದುಕೊಂಡೆ. ಆವತ್ತಿನಿಂದ ಅದು ನನ್ನ ಬಜರ್ ಆಗಿದೆ.

ಚಹಾ ಆರುತ್ತದೆ, ನಿಲ್ಲಿಸುತ್ತೇನೆ. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ಭಾನುವಾರ ಬರುವಾಗ ಆ ದರ್ಜಿಯ ರೇಡಿಯೋಗೆ ಮುಚ್ಚಳದ ತಿರುಪು ಸಿಕ್ಕರೆ ತಾ, ಹೊಟ್ಟೆಯನ್ನಾದರೂ ಮುಚ್ಚಿ ಕೊಟ್ಟುಬಿಡೋಣ.

ನಿನ್ನ ಅಕ್ಕ,
ಮೈನಾ

ತಾ.ಕ.: ಹೇಳದೆ ಲಕೋಟೆ ಅಂಟಿಸಲು ಹೊರಟಿದ್ದೆ, ಕೈ ಬರಲಿಲ್ಲ. ಇದು ಅಪ್ಪನ ಮಾತು, ನನ್ನದಲ್ಲ, ಒಂದಕ್ಷರವೂ ಸೇರಿಸಿಲ್ಲ: 'ಗುಬ್ಬಿ, ಮೈನಾ ತುಂಬಾ ದಿನದಿಂದ ಡ್ಯೂಟೀಲಿದ್ದಾಳೆ. ನಾನು ಹೋದ್ಮೇಲೆ ಅಮ್ಮನ್ನ ನೀನು ಕರ್ಕೊಂಡು ಹೋಗು. ಬದಲಿಗೆ ನೀನು ಬಾ, ಅವಳನ್ನ ಕೆಳಗಿಳಿಸು. ತಿರುಗಿ ಹೇಳು.' ನೀನು 'ಸರಿ ಅಪ್ಪ, ಸರಿ ಸರಿ, ಆಯ್ತು' ಎಂದು ಫೋನ್ ಇಟ್ಟೆ. ಅಪ್ಪನಿಗೆ ಫೋನ್ ಕಟ್ಟಾದದ್ದು ಗೊತ್ತಾಗಲಿಲ್ಲ. ನನ್ನ ಕೈಯಿಂದ ತೆಗೆದುಕೊಂಡು ಕಿವಿಗೆ ಹಾಗೇ ಒತ್ತಿ ಹಿಡಿದು, ನನಗೆ ಸುಮ್ಮನಿರು ಎಂದು ಕೈ ಸನ್ನೆ ಮಾಡಿ ಕಾಯುತ್ತಿದ್ದರು. ನರ್ಸ್ ಬಂದು ಬಿಡಿಸಿಕೊಳ್ಳುವಾಗ 'ಇನ್ನೂ ತಲುಪಿಲ್ಲಮ್ಮ' ಅಂದರು. ಈ ಕಾಗದ ಓದಿ ಮುಗಿಸಿದ ಕೂಡಲೇ ಫೋನ್ ಮಾಡು. ನನಗಲ್ಲ, ಅಮ್ಮನಿಗೆ. ಸರಿ ಸರಿ ಅನ್ನಬೇಡ. ತಿರುಗಿ ಹೇಳು.